ಸರಕಾರಿ ಬಣ್ಣ, ಖಾಸಗಿ ಬಣ್ಣ

ವಾಡಿ ಜಂಕ್ಷನ್ನಿನಿಂದ ರಾವೂರಿಗೆ ಹೋಗುವ ರಸ್ತೆ ರೈಲು ಹಳಿಯನ್ನು ದಾಟುವಲ್ಲಿ ಒಂದು ಗೇಟು, ಗೇಟಿನ ಬದಿಗೆ ಗೂಡಿನಂಥ ಒಂದು ಗುಮಟಿ, ಗುಮಟಿಯೊಳಗೆ ಸಾಯಬಣ್ಣ. ಗಾಡಿ ಬರುವ ಹೊತ್ತಿಗೆ ಗೇಟು ಹಾಕಿ ಹಸಿರು ಬಾವುಟ ಹಿಡಿದು ನಿಲ್ಲುವುದು ಅವನ ನೌಕರಿ. ಒಂದು ಗಾಡಿ ಹೋಗಿ ಇನ್ನೊಂದು ಬರುವವರೆಗಿನ ಪುರುಸೊತ್ತಿನಲ್ಲಿ ಚಿಕ್ಕ ಚಿಕ್ಕ ಮನೆ, ಗುಡಿ, ಬಾವಿ, ಬಂಡಿ ಕಟ್ಟುವುದು ಅವನ ಹುಚ್ಚು. ನೌಕರಿಗೆ ಸಂಬಳ ಬರುತ್ತಿತ್ತು, ಹುಚ್ಚಿಗೆ ಬೈಗಳು ಬರುತ್ತಿದ್ದವು. ಎರಡನ್ನೂ ಅವನು ತಪ್ಪದೆ ಅನುಭವಿಸುತ್ತಿದ್ದ.

ಬೈಗಳು ಕಟ್ಟಿದ್ದಕ್ಕಲ್ಲ. ಕಟ್ಟಿದ್ದಕ್ಕೆ ಹೆಸರಿಡುವ ಗಂಡಸು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಅವನ ಕ್ವಾರ್ಟರ್ಸಿನ ಗೋಡೆಯ ಹಲಗೆಯ ಮೇಲೆ ಮೊಳದುದ್ದದ ಮಳಖೇಡ ಕೋಟೆ ಇತ್ತು, ಅದರ ಬಾಗಿಲು ತೆರೆಯುತ್ತಿತ್ತು. ಗೇಣುದ್ದದ ಬಂಡಿ ಇತ್ತು, ಅದರ ಗಾಲಿ ತಿರುಗುತ್ತಿತ್ತು. ಯಾವುದೋ ಒಂದು ಸರಕಾರಿ ಕಚೇರಿಯೂ ಇತ್ತು, ಅದರಲ್ಲಿ ಮಾತ್ರ ಏನೂ ಕದಲುತ್ತಿರಲಿಲ್ಲ. ಆದರೆ ಇಷ್ಟರಲ್ಲಿ ಒಂದಕ್ಕೂ ಬಣ್ಣ ಇರಲಿಲ್ಲ. ಕಲ್ಲು ಕಲ್ಲಿನ ಹಾಗೆ, ಬಿದಿರು ಬಿದಿರಿನ ಹಾಗೆ, ತೇಗು ತೇಗಿನ ಹಾಗೆ ಕುಳಿತಿದ್ದವು. ಕೊನೆಯ ತೊಲೆ ಕೂತ ಗಳಿಗೆಗೆ ಸಾಯಬಣ್ಣ ಕೈ ಝಾಡಿಸಿ ಮುಂದಿನದಕ್ಕೆ ಕಲ್ಲು ಹುಡುಕಲು ಹೊರಟುಬಿಡುತ್ತಿದ್ದ.

"ಅಡಗಿ ಮಾಡಿ ಉಪ್ಪು ಹಾಕದಂಗ ಅದ ನಿಮ್ಮ ಕೆಲಸ" ಎಂದು ಹೆಂಡತಿ ಸುಂದರಬಾಯಿ ಹಲಗೆ ಒರೆಸುವಾಗಲೆಲ್ಲ ಹೇಳುತ್ತಿದ್ದಳು.

ಇದಕ್ಕಿಂತ ದೊಡ್ಡ ಸಂಕಟ ಪಕ್ಕದ ಮನೆಯ ಪೇಂಟರ್ ಮೌಲಾಲಿಯದು. ಹೋದ ವರ್ಷ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದಾಗ ಸುತ್ತಲಿನ ಬೋರ್ಡುಗಳನ್ನೆಲ್ಲ ಹೊಸದಾಗಿ ಬರೆದವನು ಅವನು. ಅಂದಿನಿಂದ ರಾಜ್ಯ ಹುಟ್ಟಿದ್ದು ತನ್ನ ಬ್ರಶ್ಶಿನಿಂದಲೇ ಎಂದು ನಂಬಿದ್ದ. ಅಂಥವನ ಕಣ್ಣೆದುರು ಹದಿನೇಳು ವರ್ಷದಿಂದ ಬಣ್ಣವಿಲ್ಲದ ಒಂದು ಕೋಟೆ.

"ಹೆಸರಿನ ತುದಿಗೇ ಬಣ್ಣ ಇಟಗೊಂಡು ಇದೇನು ಹಟ ಭಾಯಿ" ಎನ್ನುತ್ತಿದ್ದ ಮೌಲಾಲಿ. "ಒಂದೇ ಒಂದು ಕೊಡು. ಫುಕಟ್ ಹಚ್ಚಿಕೊಡ್ತೀನಿ."

"ಫುಕಟ್ ಹಚ್ಚತೀನಂದ್ರ ನನ್ನ ಗೋಡಿಗಿ ಹಚ್ಚು. ಅದಕ್ಕ ಕೈ ಹಚ್ಚಬ್ಯಾಡ" ಎನ್ನುತ್ತಿದ್ದ ಸಾಯಬಣ್ಣ. ಹೀಗೆ ಇಬ್ಬರ ದೋಸ್ತಿ ಚೆನ್ನಾಗಿಯೇ ನಡೆದಿತ್ತು.

ಕೆಟ್ಟದ್ದು ರಾವೂರಿನ ಅಕ್ಕನಿಂದ. ಅಕ್ಕ ಹಣಮಮ್ಮನ ಮಗಳಿಗೆ ಸೇಡಂನ ಅಂಬರಾಯನ ಮಗ ಗೊತ್ತಾದ. ನಮ್ಮ ಕಡೆ ಲಗ್ನದಲ್ಲಿ ರುಖವತ ಎಂದು ಒಂದುಂಟು. ಹೆಣ್ಣಿನವರು ಚಾಪೆ ಹಾಸಿ, ತಾವು ಕೈಯಾರೆ ಮಾಡಿದ ಸಾಮಾನುಗಳನ್ನು, ಸಕ್ಕರೆ ಗೊಂಬೆಯಿಂದ ಹಿಡಿದು ಬೆರಳುದ್ದದ ಪಾತ್ರೆಗಳವರೆಗೆ, ಬೀಗರ ಕಣ್ಣಿಗೆ ಬೀಳುವಂತೆ ಹೂಡುತ್ತಾರೆ. ಬೀಗರು ಸುತ್ತುವರಿದು ನಿಂತು ಹೆಸರಿಡುತ್ತಾರೆ. ನಿಶ್ಚಯದ ದಿನ ಸೇಡಂನ ಬೀಗರ ಮನೆಯಲ್ಲಿ ನಾಲ್ಕು ಮಂದಿಯ ನಡುವೆ ಕುಳಿತಿದ್ದಾಗ ಸಾಯಬಣ್ಣನಿಗೆ ಉಮೇದು ಬಂತು. "ರುಖವತದಾಗ ಈ ಮನಿನೇ ಕಟ್ಟಿ ಇಡ್ತೀನಿ, ಬೀಗರು ತಮ್ಮ ಮನಿ ತಾವೇ ನೋಡಿ ದಂಗಾಗಬೇಕು" ಎಂದುಬಿಟ್ಟ. ಎಲ್ಲರೂ ಹೋಳಿಗೆ ಉಣ್ಣುವಾಗ ಇವನು ದಾರ ಹಿಡಿದು ಮೆಟ್ಟಿಲು ಅಳೆದ, ಕಿಟಕಿ ಎಣಿಸಿದ, ಜಂತಿಯ ಕೆಳಗೆ ಅಂಗಾತ ಮಲಗಿ ನೋಡಿದ. ಹುಡುಗಿಯ ಸೋದರಮಾವನಿಗೆ ಮೂರ್ಛೆ ಬಂತೆಂದು ಬೀಗರು ಉಳ್ಳಾಗಡ್ಡಿ ತಂದು ಮೂಗಿಗೆ ಹಿಡಿದರು.

ಸಂಕ್ರಾಂತಿ ಮುಗಿದ ಮೇಲೆ ಶುರುವಾದದ್ದು ಯುಗಾದಿಗೆ ಮುಗಿಯಿತು. ಎರಡು ಮೊಳದ ಕಲ್ಲಿನ ಮನೆ. ರಾವೂರಿನ ಖಣಿಯ ಚಕ್ಕೆಗಳನ್ನು ಉಜ್ಜಿ ಗೋಡೆ, ತೇಗಿನ ಚೂರಿನಲ್ಲಿ ತೊಲೆ, ಹಿತ್ತಲಿನಲ್ಲಿ ತಿರುಗುವ ರಾಟೆಯ ಬಾವಿ. ಒಂದು ಮೊಳೆ ಇರಲಿಲ್ಲ. ಹಣಮಮ್ಮ ನೋಡಲು ಬಂದಳು, ಸುತ್ತ ಮೂರು ಸಲ ತಿರುಗಿದಳು, ತಮ್ಮನ ತಲೆ ನೇವರಿಸಿದಳು.

"ಭಾಳ ಛಂದ ಆಗ್ಯಾದಪ್ಪ. ಬಣ್ಣ ಯಾವಾಗ ಹಚ್ಚತಿ?"

"ಮುಗದದ ಅಕ್ಕ. ಬಣ್ಣ ಇಲ್ಲ."

"ಲಗ್ನದ ಮನ್ಯಾಗ ಬೋಳು ಮನಿ ಇಡ್ತಾರೇನೋ? ಬೀಗರು ಏನಂದಾರು? ಹುಡುಗಿ ಬಾಳು ಬೋಳಾಗಲಿ ಅಂತೇನು? ಬಣ್ಣ ಇಲ್ಲಂದ್ರ ಇದು ನನ್ನ ಹಂದರದಾಗ ಬರಂಗಿಲ್ಲ."

ಅಷ್ಟರಲ್ಲಿ ಮೌಲಾಲಿ ಎರಡು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಹೆಂಡತಿ ರಶೀದಾಬೇಗಂ, ಅವಳ ಪಕ್ಕ ಸುಂದರಬಾಯಿ. ಬಾಗಿಲು ಇದ್ದದ್ದು ಒಂದೇ.

ನನಗೆ ಬಣ್ಣ ಹಚ್ಚುವುದು ಸೇರುವುದಿಲ್ಲ ಎಂದು ಸಾಯಬಣ್ಣ ನೇರ ಹೇಳಬಹುದಿತ್ತು. ಆದರೆ ನಮ್ಮಲ್ಲಿ ಸೇರುವುದಿಲ್ಲ ಎನ್ನುವುದನ್ನು ಯಾರೂ ಕಾರಣವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಣ್ಣಲು ಕರೆದಾಗ ಹಸಿವಿಲ್ಲ ಎಂದರೆ ಕೈಹಿಡಿದು ಎಳೆದು ಕೂರಿಸುತ್ತಾರೆ. ಇವತ್ತು ಒಪ್ಪತ್ತು ಎಂದರೆ ಕೈಮುಗಿದು ಬಿಟ್ಟುಬಿಡುತ್ತಾರೆ. ಇದು ಸಾಯಬಣ್ಣನಿಗೂ ಗೊತ್ತಿತ್ತು.

"ಹರಕಿ ಅದ" ಎಂದ.

"ಎಂಥಾ ಹರಕಿ?" ಎಂದಳು ಸುಂದರಬಾಯಿ.

"ಬಣ್ಣ ಮುಟ್ಟಂಗಿಲ್ಲಂತ. ಮರಗಮ್ಮಗ ಬೇಡ್ಕೊಂಡೀನಿ. ಹುಡುಗಿ ಲಗ್ನ ಸುಸೂತ್ರ ಆಗೂತನಕ."

ರಶೀದಾಬೇಗಂ ಮೂಗಿನ ಮೇಲೆ ಬೆರಳಿಟ್ಟಳು. "ಮರಗಮ್ಮ ತಾನೇ ಮೈತುಂಬ ಕುಂಕುಮ ಬಡಕೊಂಡು ಕುಂತಾಳಲ್ಲ ಭಾಯಿ. ಆಕಿಗಿ ಬಣ್ಣ ಬ್ಯಾಡಂತ ಹ್ಯಾಂಗ ಬೇಡ್ಕೊಂಡಿ?"

"ಅದರ ತ್ರಾಸ ಆಕಿಗೇ ಗೊತ್ತದ" ಎಂದ ಸಾಯಬಣ್ಣ.

ಹಣಮಮ್ಮ ಗಲ್ಲ ಗಲ್ಲ ಬಡಿದುಕೊಂಡು ಕೈಮುಗಿದಳು. ಮೌಲಾಲಿ ಡಬ್ಬಿ ಮುಚ್ಚಿದ. ಸುಂದರಬಾಯಿ ಮಾತ್ರ ಗಂಡನ ಮುಖವನ್ನೇ ನೋಡಿದಳು. ಹದಿನೆಂಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಸುಳ್ಳು ಗುರುತಿಸಲು ದೀಪ ಬೇಕಾಗುವುದಿಲ್ಲ. ಆದರೂ ಹರಕೆ ಎಂದ ಮೇಲೆ ಹರಕೆ, ಅದನ್ನು ಬರಾಬರಿ ನಡೆಸುವುದು ಹೆಂಡತಿಯ ಧರ್ಮ ಎಂದು ಮನಸ್ಸಿನಲ್ಲೇ ಗಂಟು ಹಾಕಿದಳು.

ಮರುದಿನ ತಾಟಿನಲ್ಲಿ ಬಿಳಿ ಜೋಳದ ರೊಟ್ಟಿ, ಮೊಸರು, ಉಪ್ಪು ಇದ್ದವು.

"ಬ್ಯಾಳಿ?"

"ಹಳದಿ ಅದ."

"ಪುಂಡಿಪಲ್ಯ?"

"ಹಸರು."

"ಹಿಂಡಿ?"

"ಕೆಂಪಗ ಅದಲ್ರಿ. ಹರಕಿ ಮುರದ್ರ ನಮ್ಮ ಹುಡುಗಿ ಗತಿ ಏನಾದೀತು?"

ಸಾಯಬಣ್ಣ ತೊಗರಿಯ ನಾಡಿನಲ್ಲಿ ಹುಟ್ಟಿದವನು. ಬೇಳೆ ಇಲ್ಲದ ಊಟ ಅವನಿಗೆ ಊಟವೇ ಅಲ್ಲ. ಆದರೂ ತಾಟು ಖಾಲಿ ಮಾಡಿ ಎದ್ದ. ಚಹಾ ಕೇಳಿದ. ಚಹಾಕ್ಕೂ ಬಣ್ಣ ಇದೆ ಎಂದು ಗೊತ್ತಾಯಿತು. ಬಿಸಿನೀರಿಗೆ ಸಕ್ಕರೆ ಹಾಕಿಸಿಕೊಂಡು, ಚಹಾ ಕುಡಿದವನ ಹಾಗೆಯೇ ಸದ್ದು ಮಾಡಿ ಕುಡಿದ. ಡ್ಯೂಟಿಗೆ ಹೊರಡುವಾಗ ಗೂಟದಲ್ಲಿ ನೀಲಿ ಅಂಗಿ ಇರಲಿಲ್ಲ, ಬಿಳಿ ಧೋತರ ಇತ್ತು. ಅದನ್ನೂ ಸುತ್ತಿಕೊಂಡ. ಒಂದು ಸಲ "ಸೋತೆ" ಎಂದಿದ್ದರೆ ಸುಂದರಬಾಯಿ ಆ ಗಳಿಗೆಗೇ ಬೇಳೆ ಬಡಿಸುತ್ತಿದ್ದಳು. ಸಾಯಬಣ್ಣ ಅನ್ನಲಿಲ್ಲ, ಅವಳೂ ಬಡಿಸಲಿಲ್ಲ.

ಇಷ್ಟರಲ್ಲಿ ಸುದ್ದಿ ಗೇಟಿಗೆ ಅವನಿಗಿಂತ ಮೊದಲು ಮುಟ್ಟಿತ್ತು. ಹಳಿ ರಿಪೇರಿ ಮಾಡುವ ಗ್ಯಾಂಗಿನ ಭೀಮಶ್ಯಾ ಗುಮಟಿಯ ಮುಂದೆ ಕಾಯುತ್ತಿದ್ದ. ಸಾಯಬಣ್ಣ ಹಸಿರು ಬಾವುಟಕ್ಕೆ ಕೈ ಹಾಕಿದ್ದೇ ತಡ, ಕಸಿದುಕೊಂಡ.

"ನೀವು ಮುಟ್ಟಬ್ಯಾಡ್ರಿ ಯಣ್ಣ. ಲಗ್ನ ಆಗೂತನಕ ಬಾವುಟ ನಾ ಹಿಡೀತೀನಿ. ನನಗೂ ಒಂದಿಷ್ಟು ಪುಣ್ಯ ಬರಲಿ."

"ಬಾವುಟ ಬಣ್ಣ ಅಲ್ಲೋ, ಬಟ್ಟಿ."

"ಬಟ್ಟಿ ಖರೆ. ಆದ್ರ ಹಸರ ಅದ."

ವಾದಿಸುವಷ್ಟರಲ್ಲಿ ಗಾಡಿ ಬಂತು. ಭೀಮಶ್ಯಾ ಬಾವುಟ ಹಿಡಿದ. ಕೈಗೆ ಕೆಲಸವಿಲ್ಲದ ಸಾಯಬಣ್ಣ ಬಿಳಿ ಧೋತರದಲ್ಲಿ, ಎರಡೂ ಕೈ ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮುಂದೆ ಜೋಡಿಸಿ ನಿಂತ. ನಾಲ್ಕು ದಿನ ಹೀಗೆ ನಡೆಯಿತು. ಆ ಹಾದಿಯ ಡ್ರೈವರುಗಳಿಗೆ ಇದು ಏನೋ ಮಹಿಮೆ ಎನಿಸಿರಬೇಕು. ಐದನೆಯ ದಿನ ಸಿಮೆಂಟ್ ಒಯ್ಯುವ ಗೂಡ್ಸ್ ಗಾಡಿಯ ಡ್ರೈವರ್ ವೇಗ ತಗ್ಗಿಸಿ, ಕೈಮುಗಿದು, ಒಂದು ತೆಂಗಿನಕಾಯಿ ಎಸೆದುಹೋದ. ರಾವೂರಿನವರು ಅದನ್ನು ಗುಮಟಿಯ ಮೆಟ್ಟಿಲಿಗೇ ಒಡೆದರು. ಒಬ್ಬನ ಎಮ್ಮೆ ಅವತ್ತೇ ಹೆಣ್ಣು ಕರು ಹಾಕಿತು. ಅಲ್ಲಿಗೆ ಸಾಯಬಣ್ಣ ದೇವರ ಮನುಷ್ಯನಾಗಿಬಿಟ್ಟ.

ಏಳನೆಯ ದಿನ ರೈಲ್ವೆ ಇನ್ಸ್‌ಪೆಕ್ಟರ್ ವಿಠೋಬಾ ಹಳಿಯ ಮೇಲೆ ಓಡುವ ಟ್ರಾಲಿಯಲ್ಲಿ ಬಂದಿಳಿದರು. ಗುಮಟಿಯ ಮುಂದೆ ಇಪ್ಪತ್ತು ಮಂದಿ ಸಾಲಾಗಿ ಕುಳಿತಿದ್ದರು, ಊದುಬತ್ತಿ ಹೊಗೆಯಾಡುತ್ತಿತ್ತು.

"ಇದೇನು ಗೇಟೋ, ಗುಡಿಯೋ?" ಎಂದರು ವಿಠೋಬಾ.

"ಗೇಟ್ ರೀ ಸಾಹೇಬ್ರ."

"ಬಾವುಟ ಗ್ಯಾಂಗಿನವ ಹಿಡಿತಾನಂತ. ಯುನಿಫಾರಂ ಎಲ್ಲದ? ನಾಳಿ ಹಳಿ ಮ್ಯಾಲ ಬಂಡಿ ಸಿಕ್ಕಬಿತ್ತಂದ್ರ ಕೆಂಪು ಬಾವುಟ ಯಾರು ತೋರಸ್ತಾರ? ನಿಮ್ಮ ಮರಗಮ್ಮ ತೋರಸ್ತಾಳೇನು?"

"ತೋರಿಸ್ಯಾಳ್ರಿ" ಎಂದ ಸಾಲಿನಲ್ಲಿದ್ದ ಎಮ್ಮೆಯ ಯಜಮಾನ, ಬಹಳ ನಂಬಿಕೆಯಿಂದ.

ವಿಠೋಬಾ ಅವನ ಕಡೆ ನೋಡಲಿಲ್ಲ. "ಇಲ್ಲಿ ಕೇಳು ಸಾಯಬಣ್ಣ. ಹರಕಿ ಬೇಕೋ ನೌಕರಿ ಬೇಕೋ, ಈಗೇ ಬರದುಕೊಡು. ಇಲ್ಲಂದ್ರ ನಾ ಮ್ಯಾಲ ಬರೀಬೇಕಾಗ್ತದ."

ಇಲ್ಲಿ ಸುಳ್ಳು ಒಪ್ಪಿಕೊಂಡರೆ ನೌಕರಿ ಉಳಿಯುತ್ತದೆ, ಆದರೆ ಇಪ್ಪತ್ತು ಮಂದಿಯ ಹಿಂದೆಯೇ ಮೌಲಾಲಿಯೂ ಬಂದು ನಿಂತಿದ್ದಾನೆ, ಕಲ್ಲಿನ ಮನೆ ಬಣ್ಣದಿಂದ ಉಳಿಯುವುದಿಲ್ಲ. ಸಾಯಬಣ್ಣ ಕಾಗದ ತೆಗೆದುಕೊಂಡ, ಪೆನ್ಸಿಲ್ ನಾಲಿಗೆಗೆ ಮುಟ್ಟಿಸಿದ, ತನ್ನ ಜೀವನದಲ್ಲೇ ಮೊದಲ ಸಲ ಕಾಯಿದೆಯ ಮಾತು ಬರೆದ: "ಸರಕಾರಿ ಬಣ್ಣವನ್ನು ಹಿಡಿಯುತ್ತೇನೆ. ಖಾಸಗಿ ಬಣ್ಣವನ್ನು ಹಚ್ಚುವುದಿಲ್ಲ. ಇಂತಿ ತಮ್ಮ ವಿಧೇಯ ಸಾಯಬಣ್ಣ, ಗೇಟ್‌ಮನ್."

ವಿಠೋಬಾ ಎರಡು ಸಲ ಓದಿದರು. ಅದರಲ್ಲಿ ತಪ್ಪು ಹುಡುಕಲು ಅವರಿಗೂ ಆಗಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಪ್ರಸಾದದ ಒಂದು ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡು ಟ್ರಾಲಿ ಹತ್ತಿದರು.

ನೌಕರಿ ಉಳಿಯಿತು. ಆದರೆ ಅದೇ ಕಾಗದ ಹಣಮಮ್ಮನ ಕಿವಿಗೆ ಬಿದ್ದು ಮನೆಗೆ ಮುಳುವಾಯಿತು. ಲಗ್ನದ ದಿನ ಬೆಳಿಗ್ಗೆ ಸಾಯಬಣ್ಣ ಪಾಳಿ ಮುಗಿಸಿ, ನೀಲಿ ಅಂಗಿಯಲ್ಲೇ ರಾವೂರಿನ ಹಂದರಕ್ಕೆ ಬಂದಾಗ, ಚಾಪೆಯ ಮೇಲೆ ಅವನ ಮನೆ ಇತ್ತು. ಮನೆಯ ಮುಂದೆ ಮೌಲಾಲಿ ಮಂಡಿಯೂರಿದ್ದ. ಅವನ ಎಡಕ್ಕೆ ಗುಲಾಬಿ ಡಬ್ಬಿ, ಬಲಕ್ಕೆ ಗಿಣಿಹಸಿರು ಡಬ್ಬಿ, ಕೈಯಲ್ಲಿ ಅದ್ದಿದ ಬ್ರಶ್ಶು.

"ಏನು ನಡಸೀರಿ?" ಎಂದ ಸಾಯಬಣ್ಣ.

"ನೀನೇ ಬರದುಕೊಟ್ಟೀಯಲ್ಲೋ" ಎಂದಳು ಹಣಮಮ್ಮ. "ಬಣ್ಣ ಹಚ್ಚಂಗಿಲ್ಲ ಅಂದವ ನೀ. ಹರಕಿ ನಿನ್ನ ಕೈಗಿ. ಮೌಲಾಲಿ ಕೈಗಿ ಏನು ಹರಕಿ? ನೀ ಆ ಕಡಿ ಮಾರಿ ಮಾಡಿ ಕುಂದ್ರು, ಅರ್ಧಾ ತಾಸಿನಾಗ ಮುಗೀತದ. ಬೀಗರು ಬಂದೇಬಿಟ್ರು."

ಬಂದೇಬಿಟ್ಟಿದ್ದರು. ಸೇಡಂ ಪ್ಯಾಸೆಂಜರಿನಿಂದ ಇಳಿದು ಬಂಡಿಗಳಲ್ಲಿ ಬಂದ ಬೀಗರ ದಂಡು ಹಂದರದ ಬಾಯಲ್ಲಿತ್ತು. ಮುಂದೆ ವರನ ತಂದೆ ಅಂಬರಾಯ. ಅವನ ಬಿಳಿ ಅಂಗಿಯ ಬೆನ್ನಿಗೆ ಅಂಗೈಯಗಲ ಗುಲಾಬಿ ಕಲೆ. ಅವನ ತಮ್ಮನ ಮೊಣಕೈಗೂ ಗುಲಾಬಿ ಕಲೆ. ಹಿಂದೆ ಇಬ್ಬರು ಹೆಣ್ಣುಮಕ್ಕಳ ಕೈಹಿಡಿದು, ಕಣ್ಣು ಮಂದಾದ ಅಂಬರಾಯನ ತಾಯಿ ಅಮೃತಮ್ಮ ಬರುತ್ತಿದ್ದಳು.

ಮೌಲಾಲಿಯ ಬ್ರಶ್ಶು ಗೋಡೆಯ ಹತ್ತಿರ ಹೋಯಿತು. ಸಾಯಬಣ್ಣ ಬ್ರಶ್ಶಿಗೂ ಮನೆಗೂ ನಡುವೆ ಕುಳಿತುಬಿಟ್ಟ.

"ಹರಕಿ ಇಲ್ಲ" ಎಂದ. ದನಿ ದೊಡ್ಡದಾಗಿಯೇ ಬಂತು. "ನಾ ಯಾವ ದೇವರಿಗೂ ಬೇಡ್ಕೊಂಡಿಲ್ಲ. ಸುಳ್ಳ ಹೇಳಿದೆ. ನನಗ ಬಣ್ಣ ಸೇರಂಗಿಲ್ಲ, ಅಷ್ಟೇ."

ಊದುತ್ತಿದ್ದ ಸನಾದಿಯವನು ನಿಲ್ಲಿಸಿ ಬಾಯಿ ಒರೆಸಿಕೊಂಡ.

"ಅಂದ್ರ ನನ್ನ ಎಮ್ಮಿ?" ಎಂದ ಒಬ್ಬ.

"ಎಮ್ಮಿ ಈದದ್ದು ಎಮ್ಮಿ ಪುಣ್ಯ. ನನಗೂ ಅದಕ್ಕೂ ಸಂಬಂಧ ಇಲ್ಲ."

"ಹದಿನೈದು ದಿನ ಬ್ಯಾಳಿ ಇಲ್ಲದ ಉಂಡಿರಲ್ರಿ" ಎಂದಳು ಸುಂದರಬಾಯಿ. ಗೊತ್ತಿದ್ದೂ ಮಾಡಿದವಳಿಗೇ ಈಗ ಕೆಟ್ಟದೆನಿಸಿತು.

"ಉಂಡೀನಿ. ಇನ್ನೂ ಹದಿನೈದು ವರ್ಷ ಉಣ್ಣತೀನಿ."

ಅಂಬರಾಯ ಮುಂದೆ ಬಂದ. ಬೀಗತನದ ಠೀವಿಯಲ್ಲಿ ಮನೆಯ ಸುತ್ತ ಕಣ್ಣಾಡಿಸಿದ. "ಬೀಗರ, ಕೆಲಸ ಬರಾಬರಿ ಅದ. ಆದ್ರ ಬೋಳು ಮನಿ ತಗೊಂಡು ನಾವು ಊರಾಗ ಹ್ಯಾಂಗ ಹೋಗೋದು? ನಾನೇ ಲಗ್ನಕ್ಕಂತ ಮನಿಗಿ ಗುಲಾಬಿ ಬಣ್ಣ ಹೊಡಸೀನಿ. ಇದಕ್ಕೂ ಹೊಡಸ್ರಿ. ಇಲ್ಲಂದ್ರ ಇದು ನಮಗ ಬ್ಯಾಡ."

ಹಣಮಮ್ಮ ತಮ್ಮನ ಮುಂದೆ ಸೆರಗೊಡ್ಡಿದಳು. "ನಿನ್ನ ಕಾಲು ಬೀಳ್ತೀನೋ. ಒಂದು ಕೈ ಹಚ್ಚಲಿ ಬಿಡು."

ಅಕ್ಕನ ಕಣ್ಣೀರು ನೋಡಿ ಸಾಯಬಣ್ಣ ಅವಳ ಎರಡೂ ಕೈ ಹಿಡಿದುಕೊಂಡ. ಆದರೂ ಏಳಲಿಲ್ಲ. "ಅಕ್ಕ, ಹುಡುಗಿಗಿ ಸೀರಿ ಕೇಳು, ತರ್ತೀನಿ. ತಾಮ್ರದ ಕೊಡ ಕೇಳು, ತರ್ತೀನಿ. ಇದು ಮಾತ್ರ ಕೇಳಬ್ಯಾಡ. ಬೀಗರಿಗಿ ಬ್ಯಾಡಂದ್ರ ಹೊತಗೊಂಡು ವಾಡಿಗಿ ನಡೀತೀನಿ." ಅಂಬರಾಯನ ಕಡೆ ತಿರುಗಿದ. ಛಾವಣಿಯನ್ನು ಮುಚ್ಚಳದ ಹಾಗೆ ಎತ್ತಿ ಒಳಗೆ ಬೆರಳಿಟ್ಟ. "ಈ ತೊಲಿ ನೋಡ್ರಿ. ಎಂಟು ಸಲ ಕೆಟ್ಟು ಒಂಬತ್ತನೇ ಸಲಕ್ಕ ಕುಂತದ. ಕಲ್ಲಿಗಿ ಕಲ್ಲು ಹ್ಯಾಂಗ ಹಲ್ಲು ಕಚ್ಚಿ ನಿಂತದ ನೋಡ್ರಿ. ಬಣ್ಣ ಬಳದ್ರ ಇದು ಯಾರಿಗಿ ಕಾಣ್ತದ? ಬಣ್ಣ ಮೌಲಾಲಿದು ಆಗ್ತದ. ಮನಿ ಯಾರದು?"

ಅಷ್ಟರಲ್ಲಿ ಅಮೃತಮ್ಮ ಹೆಣ್ಣುಮಕ್ಕಳ ಕೈ ಬಿಡಿಸಿಕೊಂಡು ಚಾಪೆಯ ಮೇಲೆ ಕುಳಿತಳು. "ಏನದು? ಎಲ್ಲಾರೂ ಗದ್ದಲ ಮಾಡ್ಲಿಕತ್ತೀರಿ, ನನಗೂ ಒಂದೀಟು ತೋರಸ್ರಿ" ಎಂದು ಕೈ ಚಾಚಿದಳು.

ಅವಳ ಬೆರಳುಗಳು ಗೋಡೆ ಮುಟ್ಟಿದವು. ನಿಧಾನವಾಗಿ ಬಾಗಿಲು ಹುಡುಕಿ ತೆರೆದವು, ಹಿತ್ತಲಿಗೆ ಹೋಗಿ ರಾಟೆ ತಿರುಗಿಸಿದವು, ಮರಳಿ ಮುಂದೆ ಬಂದು ಮೆಟ್ಟಿಲು ಇಳಿದವು. ಒಂದು, ಎರಡು, ಮೂರು. ನಾಲ್ಕನೆಯದರಲ್ಲಿ ನಿಂತವು.

"ಇದರ ಮೂಲಿ ಒಡದದ" ಎಂದಳು.

"ಹೌದ್ರಿ ಯವ್ವ" ಎಂದ ಸಾಯಬಣ್ಣ. "ನಿಮ್ಮ ಮನ್ಯಾಗ ಹ್ಯಾಂಗ ಇತ್ತೋ ಹಂಗೇ ಒಡದೀನಿ."

"ಇಲ್ಲೇ ಬಿದ್ದು ಹಲ್ಲು ಮುರಕೊಂಡಿದ್ದ ನಮ್ಮ ಅಂಬ್ಯಾ. ಏಳು ವರ್ಷದವ ಇದ್ದ." ಅಮೃತಮ್ಮ ಬೆರಳನ್ನು ಆ ಒಡಕಿನಲ್ಲೇ ಇಟ್ಟುಕೊಂಡಿದ್ದಳು. "ಐವತ್ತು ವರ್ಷ ಕೈಯಿಂದ ಗೋಡಿ ಹಿಡಕೊಂಡು ತಿರುಗಾಡೀನಿ. ಯಾವ ಕಲ್ಲು ಎಲ್ಲದ ಅಂತ ಕಣ್ಣಿಲ್ಲದ ಹೇಳತಿದ್ದೆ. ಇವ ಲಗ್ನ ಲಗ್ನ ಅಂತ ಮೆಟ್ಟಲಕ್ಕ ಸಿಮೆಂಟ್ ಬಡಸಿದ, ಗೋಡಿಗಿ ಎಣ್ಣಿ ಬಣ್ಣ ಬಡಸಿದ. ಒಂದು ತಿಂಗಳಾತು, ನನ್ನ ಮನ್ಯಾಗ ನನಗೇ ಬಾಗಲ ಸಿಗವಲ್ದು. ನಿನ್ನಿ ಮತ್ತೊಂದು ಕೈ ಬಡಸ್ಯಾನ, ಮುಟ್ಟಿದ್ರ ಅಂಟ್ತದ. ನಿನ್ನ ಬೆನ್ನ ನೋಡ್ಕೊ ಹೋಗು."

ಎಲ್ಲರೂ ಅಂಬರಾಯನ ಬೆನ್ನು ನೋಡಿದರು. ಅಂಬರಾಯ ಹಂದರದ ಕಂಬಕ್ಕೆ ಬೆನ್ನು ಕೊಟ್ಟು ನಿಂತುಕೊಂಡ.

"ಇದು ನನ್ನ ಮನಿ" ಎಂದಳು ಅಮೃತಮ್ಮ. "ಇದು ರೈಲಿನಾಗ ನನ್ನ ತೊಡಿ ಮ್ಯಾಲ ಬರ್ತದ. ಯಾರರೆ ಇದಕ್ಕ ಬ್ರಶ್ ಹಚ್ಚಿದ್ರ, ಆ ಬ್ರಶ್ ಅವರ ಮೂಗಿನಾಗ ತುರುಕ್ತೀನಿ. ಸನಾದಿಯವ ಯಾಕ ಸುಮ್ಮ ಕುಂತಾನ? ಲಗ್ನ ಮಾಡ್ತೀರೋ ಇಲ್ಲೋ?"

ಸನಾದಿ ಶುರುವಾಯಿತು. ಹಣಮಮ್ಮ ಕಣ್ಣೊರೆಸಿಕೊಂಡು, ಬೀಗರೆಲ್ಲ ಮೆಚ್ಚಿದ ಮನೆಯನ್ನು ತಾನು ಮೊದಲಿನಿಂದಲೂ ಮೆಚ್ಚಿದ್ದೇನೆಂದು ನಾಲ್ಕು ಮಂದಿಗೆ ಹೇಳಿದಳು. ಸುಂದರಬಾಯಿ ಪಂಕ್ತಿಯಲ್ಲಿ ಗಂಡನ ಎಲೆಗೆ ತಾನೇ ಬೇಳೆ ಬಡಿಸಿದಳು, ಸಾಕು ಎಂದರೂ ನಿಲ್ಲಿಸಲಿಲ್ಲ. ಮೌಲಾಲಿ ಮಾತ್ರ ಎರಡು ಡಬ್ಬಿ ಹಿಡಿದು ಹಂದರದ ಮೂಲೆಯಲ್ಲಿ ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದ. ಅವನನ್ನು ನೋಡಿ ಸಾಯಬಣ್ಣ ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟ.

ಮಳೆಗಾಲಕ್ಕೆ ಮುಂಚೆ ಇನ್ಸ್‌ಪೆಕ್ಟರ್ ವಿಠೋಬಾ ಮತ್ತೆ ಟ್ರಾಲಿಯಲ್ಲಿ ಬಂದರು. ಕೆಂಪು ಬಣ್ಣದ ಒಂದು ಡಬ್ಬಿ, ಬಿಳಿಯದೊಂದು, ಒಂದು ಬ್ರಶ್ಶು ಇಳಿಸಿದರು. ಗೇಟಿನ ಅಡ್ಡಪಟ್ಟಿಗೆ ಹೊಸ ಬಣ್ಣ ಆಗಬೇಕೆಂದು ಹುಕುಂ. "ಈಗ ಹರಕಿನೂ ಇಲ್ಲ, ನೆಪನೂ ಇಲ್ಲ. ಸರಕಾರಿ ಬಣ್ಣ ಅದ. ನಡೀ" ಎಂದರು.

"ನಾ ಬರದುಕೊಟ್ಟದ್ದು ಒಮ್ಮಿ ತಗದು ಓದ್ರಿ ಸಾಹೇಬ್ರ."

ವಿಠೋಬಾ ಜೇಬಿನಿಂದ ಕಾಗದ ತೆಗೆದು ಓದಿದರು. ಸರಕಾರಿ ಬಣ್ಣವನ್ನು ಹಿಡಿಯುತ್ತೇನೆ ಎಂದಿತ್ತು.

ಮರುದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಸಾಯಬಣ್ಣ ಎರಡೂ ಕೈಯಲ್ಲಿ ಎರಡು ಡಬ್ಬಿ ಹಿಡಿದು ನೆಟ್ಟಗೆ ನಿಂತ. ಮೌಲಾಲಿ ಬಣ್ಣ ಹಚ್ಚಿದ. ಹದಿನೇಳು ವರ್ಷದ ಆಸೆಯನ್ನೆಲ್ಲ ಆ ಗೇಟಿನ ಮೇಲೆ ತೀರಿಸಿಕೊಂಡ. ಪಟ್ಟೆಗಳು ದಾರ ಹಿಡಿದ ಹಾಗೆ ಬಂದವು. ತುದಿಯಲ್ಲಿ ಸಣ್ಣಗೆ "ಮೌಲಾಲಿ, ವಾಡಿ" ಎಂದು ಬರೆದು, ನಾಲ್ಕು ಹೆಜ್ಜೆ ಹಿಂದೆ ಸರಿದು ತಲೆದೂಗಿದ. ಸಾಯಬಣ್ಣನೂ ಛಂದಾಗ್ಯಾದ ಎಂದು ಮನಸಾರೆ ಹೇಳಿದ.

ಬ್ರಶ್ಶು ತೊಳೆಯಲು ಮೌಲಾಲಿ ಗುಮಟಿಯೊಳಗೆ ಹೋದ. ಅಲ್ಲಿ ಕಿಟಕಿಯ ಕಟ್ಟೆಯ ಮೇಲೆ ಇನ್ನೊಂದು ಗೇಟು ನಿಂತಿತ್ತು. ಗೇಣುದ್ದದ್ದು, ಬಿದಿರಿನದು, ಏಳುತ್ತಿತ್ತು, ಇಳಿಯುತ್ತಿತ್ತು. ಒಂದು ಪಟ್ಟೆಯೂ ಇರಲಿಲ್ಲ. ಮೌಲಾಲಿ ಕೈಯಲ್ಲಿನ ಬ್ರಶ್ಶು ನೋಡಿದ. ಅದರಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು.

"ಇದಕ್ಕರೆ ಭಾಯಿ?"

ಸಾಯಬಣ್ಣ ಡಬ್ಬಿಗಳನ್ನು ಕೆಳಗಿಟ್ಟು, ಗೇಣುದ್ದದ ಗೇಟನ್ನು ಎತ್ತಿ ಬಗಲಲ್ಲಿಟ್ಟುಕೊಂಡ.

"ಇದು ಖಾಸಗಿ" ಎಂದ.